ಫಿನಾಲ್ಫ್ಥಲೀನ್ ಬಣ್ಣ ಕೊಡಲಿಲ್ಲವೆಂದರೆ ಅದು ಆಮ್ಲವೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಗ್ರಾಮೀಣ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲಗಳ ಪಾಠಕ್ಕಾಗಿ ಮೂರು ಪ್ರನಾಳಗಳಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಉಪ್ಪಿನ ನೀರು ಮತ್ತು ಅಂಗಡಿಯಿಂದ ತಂದ ಬ್ಯಾಟರಿ ವಾಟರ್ (ಬ್ಯಾಟರಿಗೆ ತುಂಬುವ ಶುದ್ಧ ನೀರು) ಇಟ್ಟು, ಆಮ್ಲ ಯಾವುದೆಂದು ಕಂಡುಹಿಡಿಯಲು ಮಕ್ಕಳಿಗೆ ಹೇಳಿದೆ. ಫಿನಾಲ್ಫ್ಥಲೀನ್ ಮೂರರಲ್ಲೂ ಬಣ್ಣವಿಲ್ಲದೆ ಉಳಿಯಿತು. ಅರಿಶಿನದ ಕಾಗದ ಮೂರರಲ್ಲೂ ಹಳದಿಯಾಗಿಯೇ ಇತ್ತು. ನೀಲಿ ಲಿಟ್ಮಸ್ ಆಮ್ಲದಲ್ಲಿ ಕೆಂಪಾಯಿತು. ಆದರೆ ಮಕ್ಕಳ ಕೈಗೆ ಕೊಡಲು ಇನ್ನಷ್ಟು ತೆಳುವಾಗಿರಲೆಂದು ಒಂದು ದೊಡ್ಡ ಲೋಟ ನಲ್ಲಿ ನೀರಿಗೆ (ನಮ್ಮದು ಬೋರ್‌ವೆಲ್ ನೀರು) ಎರಡು ಹನಿ ಆಮ್ಲ ಹಾಕಿ ಕೊಟ್ಟಾಗ ನೀಲಿ ಕಾಗದ ಸ್ವಲ್ಪ ಮಾಸಿದಂತೆ ಕಂಡಿತೇ ಹೊರತು ಕೆಂಪಾಗಲಿಲ್ಲ. ಸಾರ್ವತ್ರಿಕ ಸೂಚಕವಂತೂ ಬ್ಯಾಟರಿ ವಾಟರ್‌ನಲ್ಲಿ ತಟಸ್ಥವೆಂದು ಹಸಿರಾಗುವ ಬದಲು ಆಮ್ಲದ ಕಡೆಯ ಹಳದಿ-ಕಿತ್ತಳೆಯಾಯಿತು. ‘ಹಾಗಾದರೆ ನೀರೂ ಆಮ್ಲವೇ ಮೇಡಂ?’ ಎಂದು ಒಬ್ಬ ಹುಡುಗ ಕೇಳಿದ. ಫಿನಾಲ್ಫ್ಥಲೀನ್ ಬಣ್ಣ ಕೊಡದಿದ್ದರೆ ಆಮ್ಲವೆಂದೇ ಬರೆಸಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಮ್ಮ ಸೂಚಕಗಳು ಕೆಟ್ಟಿವೆಯೇ? ಆಮ್ಲವನ್ನೂ ತಟಸ್ಥ ದ್ರಾವಣವನ್ನೂ ನಂಬಿಕೆಯಿಂದ ಬೇರ್ಪಡಿಸುವ ಸೂಚಕ ಯಾವುದು?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆಗಳಾದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ. ಪುಸ್ತಕ ಹೇಳಿದ ಬಣ್ಣ ಪ್ರನಾಳದಲ್ಲಿ ಕಾಣದಿದ್ದಾಗ ದೋಷ ಸೂಚಕದ್ದೋ, ದ್ರಾವಣದ್ದೋ, ಕಲಿಸುವ ರೀತಿಯದ್ದೋ ಎಂಬುದು ನಿಮ್ಮ ಚಿಂತೆ. ನೀವು ಬರೆದ ವಿವರಗಳನ್ನು ಒಂದೊಂದಾಗಿ ನೋಡಿದರೆ ನಿಮ್ಮ ಸೂಚಕಗಳು ಕೆಟ್ಟಿರುವ ಲಕ್ಷಣ ಎಲ್ಲಿಯೂ ಕಾಣುವುದಿಲ್ಲ. ಪ್ರತಿಯೊಂದೂ ತನ್ನ ಗುಣಕ್ಕೆ ತಕ್ಕಂತೆಯೇ ನಡೆದುಕೊಂಡಿದೆ. ಆ ಹುಡುಗ ಕೇಳಿದ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ನೇರ ಉತ್ತರ ಕೊಡಬೇಕು, ಮುಂದೆ ಕೊಡುತ್ತೇನೆ.

ಮೊದಲು ಸಹೋದ್ಯೋಗಿಯ ಮಾತನ್ನು ನೋಡೋಣ. ಫಿನಾಲ್ಫ್ಥಲೀನ್ ಆಮ್ಲದಲ್ಲಿ ಬಣ್ಣವಿಲ್ಲದೆ ಇರುತ್ತದೆ ಎಂಬುದು ನಿಜ. ಆದರೆ ಬಣ್ಣವಿಲ್ಲದಿದ್ದರೆ ಆಮ್ಲ ಎಂದು ಅದನ್ನು ತಿರುಗಿಸಿ ಹೇಳಲು ಬರುವುದಿಲ್ಲ. ಈ ಸೂಚಕ ಗುಲಾಬಿ ಬಣ್ಣ ತೋರಲು ಪ್ರಾರಂಭಿಸುವುದು ಪಿಎಚ್ (ಆಮ್ಲೀಯತೆಯ ಅಳತೆ; 7 ತಟಸ್ಥ, ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ) ಸುಮಾರು 8.2ರಲ್ಲಿ, ಬಣ್ಣ ಪೂರ್ಣವಾಗಿ ತುಂಬುವುದು 10ರ ಹೊತ್ತಿಗೆ. ಅದಕ್ಕಿಂತ ಕೆಳಗಿನದೆಲ್ಲ, ಅಂದರೆ ನಿಂಬೆರಸವೂ ಹಾಲೂ ಉಪ್ಪಿನ ನೀರೂ ಸಕ್ಕರೆ ನೀರೂ ಶುದ್ಧ ನೀರೂ ಅದರ ಕಣ್ಣಿಗೆ ಒಂದೇ. ಪ್ರತ್ಯಾಮ್ಲವಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರಿಸುತ್ತದೆ. ಉತ್ತರ ‘ಇಲ್ಲ’ ಎಂದು ಬಂದಾಗ ಉಳಿದ ಎರಡು ಸಾಧ್ಯತೆಗಳ ನಡುವೆ ಆರಿಸಲು ಅದಕ್ಕೆ ಶಕ್ತಿಯಿಲ್ಲ. ಹಾಗಾಗಿ ಬಣ್ಣ ಬಾರದ ಪ್ರನಾಳದ ಎದುರು ಮಕ್ಕಳು ‘ಆಮ್ಲ’ ಎಂದು ಬರೆದರೆ, ಮೂರರಲ್ಲಿ ಎರಡು ಉತ್ತರಗಳು ತಪ್ಪಾಗುತ್ತವೆ. ನಿಮ್ಮ ಪ್ರಯೋಗವೇ ಅದಕ್ಕೆ ಸಾಕ್ಷಿ.

ಇದರ ಹಿಂದಿರುವ ತಪ್ಪು ತಿಳಿವಳಿಕೆ ಬಹಳ ಹರಡಿಕೊಂಡಿದೆ: ಎಲ್ಲ ಸೂಚಕಗಳೂ ಪಿಎಚ್ 7ರಲ್ಲಿ ಬಣ್ಣ ಬದಲಿಸುತ್ತವೆ, ಈಚೆಗೆ ಆಮ್ಲ, ಆಚೆಗೆ ಪ್ರತ್ಯಾಮ್ಲ ಎಂಬ ನಂಬಿಕೆ. ವಾಸ್ತವದಲ್ಲಿ ಪ್ರತಿಯೊಂದು ಸೂಚಕಕ್ಕೂ ತನ್ನದೇ ಆದ ಜಾಗವಿದೆ. ಮಿಥೈಲ್ ಆರೆಂಜ್ 3.1ರಿಂದ 4.4ರ ನಡುವೆ ಕೆಂಪಿನಿಂದ ಹಳದಿಗೆ ಹೊರಳುತ್ತದೆ. ಬ್ರೋಮೋಕ್ರೆಸಾಲ್ ಗ್ರೀನ್ 3.8ರಿಂದ 5.4ರ ನಡುವೆ ಹಳದಿಯಿಂದ ನೀಲಿಗೆ, ಬ್ರೋಮೋಥೈಮಾಲ್ ಬ್ಲೂ 6.0ರಿಂದ 7.6ರ ನಡುವೆ ಹಳದಿಯಿಂದ ಹಸಿರಿನ ಮೂಲಕ ನೀಲಿಗೆ ಹೊರಳುತ್ತವೆ. ಕಲ್ಲುಹೂವುಗಳಿಂದ ತೆಗೆಯುವ ಲಿಟ್ಮಸ್‌ನ ವ್ಯಾಪ್ತಿ ಇನ್ನೂ ಅಗಲ: ಸುಮಾರು 4.5ರ ಕೆಳಗೆ ಖಚಿತ ಕೆಂಪು, 8.3ರ ಮೇಲೆ ಖಚಿತ ನೀಲಿ, ನಡುವೆ ನೇರಳೆ ಬಣ್ಣದ ಹಲವು ಛಾಯೆಗಳು. ಅರಿಶಿನದ ಹಳದಿ ಸುಮಾರು 7.4ರವರೆಗೆ ಕದಲುವುದಿಲ್ಲ, ಅದು ಕೆಂಪುಗಂದಾಗುವುದು 8.6ರ ಹೊತ್ತಿಗೆ. ಈ ಅಂಕಿಗಳನ್ನು ಒಂದು ಗೆರೆಯ ಮೇಲೆ ಗುರುತಿಸಿ ನೋಡಿದರೆ, ಫಿನಾಲ್ಫ್ಥಲೀನ್ ಮತ್ತು ಅರಿಶಿನ ಎರಡೂ 7ರ ಆಚೆ ದಡದಲ್ಲಿ ನಿಂತಿವೆ ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ಆಮ್ಲ ಮತ್ತು ತಟಸ್ಥ ದ್ರಾವಣಗಳ ಗಡಿ ಈಚೆ ದಡದಲ್ಲಿದೆ. ಅವೆರಡನ್ನು ನೇರವಾಗಿ ಬಳಸಿದರೆ ಆ ಗಡಿ ಕಾಣದಿರುವುದರಲ್ಲಿ ಆಶ್ಚರ್ಯವಿಲ್ಲ.

ಜಾಗ ಬೇರೆಬೇರೆ ಏಕೆ? ಸೂಚಕಗಳಲ್ಲಿ ಬಹುಪಾಲು ತಾವೇ ದುರ್ಬಲ ಆಮ್ಲಗಳು. ಅವುಗಳ ಅಣು ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡಾಗ ಒಂದು ಬಣ್ಣ, ಬಿಟ್ಟುಕೊಟ್ಟಾಗ ಇನ್ನೊಂದು ಬಣ್ಣ. ಯಾವ ಪಿಎಚ್‌ನಲ್ಲಿ ಬಿಟ್ಟುಕೊಡುತ್ತದೆ ಎಂಬುದು ಆ ಅಣುವಿನ ರಚನೆಯನ್ನು ಅವಲಂಬಿಸಿದೆ. 7 ಎಂಬ ಅಂಕಿಗೂ ಅದಕ್ಕೂ ಸಂಬಂಧವಿಲ್ಲ. ಜರ್ಮನಿಯ ವಿಲ್ಹೆಲ್ಮ್ ಆಸ್ಟ್‌ವಾಲ್ಡ್ 19ನೇ ಶತಮಾನದ ಕೊನೆಯ ದಶಕದಲ್ಲಿ ಈ ವಿವರಣೆ ಕೊಟ್ಟರು. ಪಿಎಚ್ ಎಂಬ ಅಳತೆ ಬಂದದ್ದು ಆನಂತರ, 1909ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್ ಅವರಿಂದ. ಸೂಚಕವೂ ಒಂದು ಆಮ್ಲ ಎಂಬ ಈ ಸಂಗತಿಯನ್ನು ನೆನಪಿಡಿ; ನಿಮ್ಮ ಬ್ಯಾಟರಿ ವಾಟರ್ ಪ್ರಸಂಗದಲ್ಲಿ ಅದು ಮತ್ತೆ ಬೇಕಾಗುತ್ತದೆ.

ಈಗ ಲೋಟದ ವಿಷಯ. ನೀವು ಬರೆದ ಸಂಗತಿಗಳಲ್ಲಿ ಹೆಚ್ಚು ಕಲಿಸುವಂಥದ್ದು ಇದೇ. ಕರ್ನಾಟಕದ ಒಣ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಸಾಕಷ್ಟು ಇರುತ್ತದೆ. ನೀರಿನ ಪರೀಕ್ಷೆಯ ವರದಿಯಲ್ಲಿ ‘ಒಟ್ಟು ಕ್ಷಾರೀಯತೆ’ ಎಂಬ ಸಾಲು ಹೇಳುವುದು ಬಹುಮಟ್ಟಿಗೆ ಇದನ್ನೇ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದಲ್ಲಿ ಇದರ ಅಪೇಕ್ಷಿತ ಮಿತಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೂ ಒಪ್ಪಲಾಗುತ್ತದೆ. ಕಡಿಮೆಯ 200ನ್ನೇ ಹಿಡಿದು ಲೆಕ್ಕ ಹಾಕೋಣ. ಅಷ್ಟು ಕ್ಷಾರೀಯತೆಯ ನೀರು ಲೀಟರಿಗೆ 4 ಮಿಲಿಮೋಲ್ (ಮೋಲ್ ಎಂಬುದು ಕಣಗಳ ಎಣಿಕೆಯ ಮಾನ, ಅದರ ಸಾವಿರದಲ್ಲೊಂದು ಭಾಗ ಮಿಲಿಮೋಲ್) ಹೈಡ್ರೋಕ್ಲೋರಿಕ್ ಆಮ್ಲವನ್ನು ನುಂಗಿಬಿಡುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿರುವ ಸಾರರಿಕ್ತ ಆಮ್ಲ 2 ಮೊಲಾರ್ (ಲೀಟರಿಗೆ 2 ಮೋಲ್) ಎಂದು ಇಟ್ಟುಕೊಂಡರೆ ಅದರ ಒಂದು ಹನಿಯಲ್ಲಿ (ಸುಮಾರು 0.05 ಮಿಲಿಲೀಟರ್) ಇರುವ ಆಮ್ಲ 0.1 ಮಿಲಿಮೋಲ್ ಮಾತ್ರ. 200 ಮಿಲಿಲೀಟರ್ ನೀರು ಹಿಡಿಯುವ ಲೋಟದಲ್ಲಿ ಆ ನೀರಿನ ಬೈಕಾರ್ಬನೇಟನ್ನು ಮುಗಿಸುವುದಕ್ಕೇ ಎಂಟು ಹನಿ ಬೇಕು. ನೀವು ಹಾಕಿದ್ದು ಎರಡು. ಲೋಟದಲ್ಲಿ ಕೊನೆಗೆ ಉಳಿದದ್ದು ಹೈಡ್ರೋಕ್ಲೋರಿಕ್ ಆಮ್ಲವಲ್ಲ. ಸ್ವಲ್ಪ ಉಪ್ಪು, ಉಳಿದ ಬೈಕಾರ್ಬನೇಟ್ ಮತ್ತು ಕರಗಿದ ಇಂಗಾಲದ ಡೈಆಕ್ಸೈಡ್. ಅದರ ಪಿಎಚ್ 7ರ ಆಸುಪಾಸಿನಲ್ಲೇ ಇರುತ್ತದೆ. ಅದು ಲಿಟ್ಮಸ್ ನೇರಳೆಯಾಗುವ ಜಾಗ. ಕಾಗದ ‘ಸ್ವಲ್ಪ ಮಾಸಿದಂತೆ’ ಕಂಡಿತೆಂದು ನೀವು ಬರೆದಿದ್ದೀರಲ್ಲ, ನೀವು ಕಂಡದ್ದು ಈ ಛಾಯೆಯನ್ನೇ. ಲಿಟ್ಮಸ್ ಸರಿಯಾದ ಉತ್ತರವನ್ನೇ ಕೊಟ್ಟಿದೆ.

ಇದರಿಂದ ಬರುವ ನಿಯಮ ಸರಳ: ಈ ಪಾಠಕ್ಕೆ ಬೇಕಾದ ಎಲ್ಲ ದ್ರಾವಣಗಳನ್ನೂ, ಉಪ್ಪಿನ ನೀರನ್ನೂ ಸೇರಿಸಿ, ಭಟ್ಟಿ ಇಳಿಸಿದ ನೀರಿನಲ್ಲಿ ಅಥವಾ ಬ್ಯಾಟರಿ ವಾಟರ್‌ನಲ್ಲಿ ಮಾಡಿಕೊಳ್ಳಬೇಕು. ನಲ್ಲಿ ನೀರನ್ನು ‘ತಟಸ್ಥ’ ಎಂದು ಮಕ್ಕಳ ಎದುರು ಇಡಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಪಿಎಚ್ ಹಲವೆಡೆ 7.5ರಿಂದ 8.5ರ ನಡುವೆ ಇರುತ್ತದೆ. ಆರ್‌ಒ ಫಿಲ್ಟರ್‌ನ ನೀರು ಇದಕ್ಕೆ ವಿರುದ್ಧ: ಫಿಲ್ಟರ್‌ನ ಪೊರೆ ಬೈಕಾರ್ಬನೇಟನ್ನು ತಡೆಯುತ್ತದೆ, ಕರಗಿದ ಇಂಗಾಲದ ಡೈಆಕ್ಸೈಡನ್ನು ತಡೆಯುವುದಿಲ್ಲ. ಆದ್ದರಿಂದ ಆ ನೀರು ಸ್ವಲ್ಪ ಆಮ್ಲೀಯವಾಗಿಯೇ ಹೊರಬರುತ್ತದೆ.

ಬ್ಯಾಟರಿ ವಾಟರ್ ಹಳದಿ-ಕಿತ್ತಳೆಯಾದದ್ದೇಕೆ ಎಂಬುದಕ್ಕೆ ಎರಡು ಕಾರಣಗಳಿವೆ. ಗಾಳಿಗೆ ತೆರೆದಿಟ್ಟ ಶುದ್ಧ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಾರ್ಬಾನಿಕ್ ಆಮ್ಲ ಮಾಡಿಕೊಳ್ಳುತ್ತದೆ. ಅದರ ಪಿಎಚ್ ಸುಮಾರು 5.6ಕ್ಕೆ ಇಳಿಯುತ್ತದೆ. ಶುದ್ಧ ಮಳೆನೀರಿನ ಪಿಎಚ್ ಕೂಡ ಇದೇ ಕಾರಣಕ್ಕೆ ಇಷ್ಟೇ ಇರುತ್ತದೆ. ಎರಡನೆಯ ಕಾರಣ ಸೂಚಕದ್ದೇ. ಶುದ್ಧ ನೀರಿಗೆ ತನ್ನ ಪಿಎಚ್ ಕಾಪಾಡಿಕೊಳ್ಳುವ ಬಲ ಇಲ್ಲ. ಬೋರ್‌ವೆಲ್ ನೀರು ಎರಡು ಹನಿ ಆಮ್ಲವನ್ನು ನುಂಗಿ ಕುಳಿತರೆ, ಭಟ್ಟಿ ಇಳಿಸಿದ ನೀರು ಸೂಚಕದ ನಾಲ್ಕು ಹನಿಗೇ ವಾಲುತ್ತದೆ, ಏಕೆಂದರೆ ಸೂಚಕವೂ ದುರ್ಬಲ ಆಮ್ಲ. ಧಾರಾಳವಾಗಿ ಸೂಚಕ ಸುರಿದಷ್ಟೂ ಆ ಬಣ್ಣ ನೀರಿನದಾಗಿರದೆ ಸೂಚಕದ್ದೇ ಆಗಿರುತ್ತದೆ. ಇಂಥ ನೀರಿನಲ್ಲಿ ಪಿಎಚ್ ಮೀಟರ್‌ನ ಅಂಕಿಯೂ ನಿಲ್ಲದೆ ಓಡಾಡುವುದನ್ನು ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರೆಲ್ಲ ಕಂಡಿರುತ್ತಾರೆ.

ಹಾಗಾಗಿ ಆ ಹುಡುಗನಿಗೆ ಹೀಗೆ ಹೇಳಿ: ‘ಹೌದು, ಬಾಟಲಿ ತೆರೆದಿಟ್ಟ ಈ ನೀರಿನಲ್ಲಿ ಬಹಳ ಕೊಂಚ ಆಮ್ಲವಿದೆ, ಅದು ಗಾಳಿಯಿಂದ ಬಂದದ್ದು. ಈ ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಒಂದೇ ಹನಿ ಸೂಚಕ ಹಾಕಿ ನೋಡೋಣ.’ ಬಣ್ಣ ಹಸಿರಿನ ಕಡೆಗೆ ಸರಿಯುವುದನ್ನು ಅವನೇ ಕಾಣುತ್ತಾನೆ. ಪೂರ್ತಿ ಹಸಿರಾಗದಿದ್ದರೆ ಗಾಬರಿಪಡಬೇಡಿ. ಖಚಿತವಾದ ಹಸಿರು ತೋರಿಸಲು ಪಿಎಚ್ 7ರ ಬಫರ್ ಮಾತ್ರೆ (ನೀರಿನಲ್ಲಿ ಕರಗಿಸಿದಾಗ ಪಿಎಚ್ ಕದಲದಂತೆ ಹಿಡಿದಿಡುವ ಮಾತ್ರೆ) ಬೇಕು. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ 4, 7 ಮತ್ತು 9.2ರ ಮಾತ್ರೆಗಳು ಸಿಗುತ್ತವೆ. ಪೊಟ್ಟಣದಲ್ಲಿ ಹೇಳಿದಷ್ಟು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದರೆ, ಸೂಚಕ ಹೆಚ್ಚಾದರೂ ಕದಲದ ಮಾದರಿ ದ್ರಾವಣ ನಿಮ್ಮ ಕೈಯಲ್ಲಿರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಯಾವ ಸೂಚಕ ಎಂಬುದು. ಬ್ರೋಮೋಥೈಮಾಲ್ ಬ್ಲೂ 7ರ ಎರಡೂ ಪಕ್ಕವನ್ನು ಹಿಡಿದಿರುವುದರಿಂದ ಹಲವರು ಅದನ್ನೇ ಸೂಚಿಸುತ್ತಾರೆ. ತಟಸ್ಥ ಬಫರ್‌ನಲ್ಲಿ ಅದು ಚೆಂದದ ಹಸಿರು, ಆಮ್ಲದಲ್ಲಿ ಹಳದಿ. ಆದರೆ ಅದು ಅತಿ ಸೂಕ್ಷ್ಮ. ಗಾಳಿ ಕುಡಿದ ಭಟ್ಟಿ ನೀರಿನಲ್ಲೂ ಅದು ಹಳದಿಯಾಗುತ್ತದೆ, ಮಕ್ಕಳು ಅದನ್ನು ಆಮ್ಲದ ಸಾಲಿಗೆ ಸೇರಿಸುತ್ತಾರೆ. ಮಿಥೈಲ್ ಆರೆಂಜ್‌ಗೆ ಈ ತೊಂದರೆಯಿಲ್ಲ: ನಿಮ್ಮ ಮೂರು ಪ್ರನಾಳಗಳಲ್ಲಿ ಆಮ್ಲ ಮಾತ್ರ ಕೆಂಪಾಗಿ, ಉಪ್ಪಿನ ನೀರು ಮತ್ತು ಬ್ಯಾಟರಿ ವಾಟರ್ ಎರಡೂ ಹಳದಿಯಾಗಿ ಉಳಿಯುತ್ತವೆ. ಒಂದೇ ಸೂಚಕ ಕೊಳ್ಳಲು ಹಣವಿದ್ದರೆ ಶಾಲೆಗೆ ನಾನು ಹೇಳುವುದು ಇದನ್ನೇ. ಅದರ ಅಪಾಯ ಬೇರೆ ಕಡೆಯದು. ಪಿಎಚ್ 5ರ ದುರ್ಬಲ ಆಮ್ಲವೂ ಅದರಲ್ಲಿ ಹಳದಿಯೇ. ಹಾಗಾಗಿ ಹಳದಿ ಕಂಡಕೂಡಲೇ ‘ತಟಸ್ಥ’ ಎಂದು ಬರೆಯುವುದು, ಫಿನಾಲ್ಫ್ಥಲೀನ್ ವಿಷಯದಲ್ಲಿ ಆಗುವ ತಪ್ಪಿನ ಇನ್ನೊಂದು ಮುಖ. ಕೆಂಪು ಮತ್ತು ಕಿತ್ತಳೆಯನ್ನು ಬೇರ್ಪಡಿಸಲು ಕಷ್ಟಪಡುವ ವರ್ಣಾಂಧತೆಯ ಮಕ್ಕಳು ತರಗತಿಯಲ್ಲಿ ಇರಬಹುದು. ಅವರಿಗೆ ಹಳದಿ-ನೀಲಿಗಳ ಬ್ರೋಮೋಕ್ರೆಸಾಲ್ ಗ್ರೀನ್ ಹೆಚ್ಚು ಸ್ಪಷ್ಟ. ನೀರಿನ ಪ್ರಯೋಗಾಲಯಗಳಲ್ಲಿ ಕ್ಷಾರೀಯತೆ ಅಳೆಯುವಾಗ ಮೊದಲು ಫಿನಾಲ್ಫ್ಥಲೀನ್, ಆಮೇಲೆ ಮಿಥೈಲ್ ಆರೆಂಜ್ ಎಂದು ಜೋಡಿಯಾಗಿ ಬಳಸುವುದು ಬಹಳ ಹಳೆಯ ಪದ್ಧತಿ. ಒಂದು ಮೇಲಿನ ಗಡಿಯನ್ನು, ಇನ್ನೊಂದು ಕೆಳಗಿನ ಗಡಿಯನ್ನು ಕಾಯುತ್ತದೆ. ಎರಡರಲ್ಲೂ ಏನೂ ಆಗದಿದ್ದರೆ ದ್ರಾವಣ 4.4 ಮತ್ತು 8.2ರ ನಡುವೆ ಇದೆ ಎಂದಷ್ಟೇ ಹೇಳಬಹುದು.

ಆದರೆ ನಿಮ್ಮ ಬಳಿ ಈಗಾಗಲೇ ಇರುವ ಫಿನಾಲ್ಫ್ಥಲೀನ್‌ನಿಂದಲೇ ಈ ಕೆಲಸ ಸಾಧ್ಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಆಮ್ಲಕ್ಕೂ ತಟಸ್ಥ ದ್ರಾವಣಕ್ಕೂ ಇರುವ ನಿಜವಾದ ವ್ಯತ್ಯಾಸ ಬಣ್ಣಕ್ಕಿಂತ ಹೆಚ್ಚಾಗಿ ಇಲ್ಲಿ ಕಾಣುತ್ತದೆ. ಆಮ್ಲ ಪ್ರತ್ಯಾಮ್ಲವನ್ನು ನುಂಗುತ್ತದೆ. ತಟಸ್ಥ ದ್ರಾವಣ ನುಂಗುವುದಿಲ್ಲ. ಎಷ್ಟು ನುಂಗಿತು ಎಂದು ಹನಿ ಎಣಿಸಬಹುದು.

ಎಲೆ ಅಡಿಕೆಗೆ ಹಚ್ಚುವ ಬಿಳಿ ಸುಣ್ಣವನ್ನು ಒಂದು ಚಮಚದಷ್ಟು ಬಾಟಲಿಯ ಭಟ್ಟಿ ನೀರಿಗೆ ಹಾಕಿ ಚೆನ್ನಾಗಿ ಕುಲುಕಿ, ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಸೋಸಿ ಬೇರೆ ಬಾಟಲಿಗೆ ತುಂಬಿ. ಈ ಸುಣ್ಣದ ತಿಳಿಯಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸುಮಾರು 0.02 ಮೊಲಾರ್ ಇರುತ್ತದೆ. ಸುಣ್ಣ ಅದಕ್ಕಿಂತ ಹೆಚ್ಚು ಕರಗುವುದಿಲ್ಲವಾದ್ದರಿಂದ ತೂಕ ಮಾಡುವ ಅಗತ್ಯವೇ ಇಲ್ಲ. ಈಗ ಪ್ರತಿ ಪ್ರನಾಳದಲ್ಲಿ 5 ಮಿಲಿಲೀಟರ್ ದ್ರಾವಣ, ಒಂದು ಹನಿ ಫಿನಾಲ್ಫ್ಥಲೀನ್. ಅದರ ಮೇಲೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಹಾಕುತ್ತಾ, ಪ್ರತಿ ಹನಿಗೂ ಕುಲುಕಬೇಕು. ಬ್ಯಾಟರಿ ವಾಟರ್‌ನಲ್ಲಿ ಮೊದಲ ಹನಿಗೇ ಇಡೀ ದ್ರಾವಣ ಗುಲಾಬಿಯಾಗುತ್ತದೆ. ಭಟ್ಟಿ ನೀರಿನಲ್ಲಿ ಮಾಡಿದ ಉಪ್ಪಿನ ನೀರಿನಲ್ಲೂ ಹಾಗೆಯೇ. 0.001 ಮೊಲಾರ್ ಆಮ್ಲವಿದ್ದರೆ ಮೊದಲ ಎರಡು ಹನಿಗಳ ಗುಲಾಬಿ ಬಿದ್ದ ಜಾಗದಲ್ಲಿ ಸುಳಿಯಂತೆ ಕಂಡು, ಕುಲುಕಿದೊಡನೆ ಮಾಯವಾಗಿ, ಮೂರನೆಯ ಹನಿಗೆ ನಿಲ್ಲುತ್ತದೆ. 0.01 ಮೊಲಾರ್ ಆಮ್ಲಕ್ಕೆ ಸುಮಾರು ಇಪ್ಪತ್ತೈದು ಹನಿ ಬೇಕು. ಗಾಳಿಯಿಂದ ಬಂದ ಕಾರ್ಬಾನಿಕ್ ಆಮ್ಲದ ಲೆಕ್ಕವೂ ಇಲ್ಲಿ ಇತ್ಯರ್ಥವಾಗುತ್ತದೆ: 5 ಮಿಲಿಲೀಟರ್ ನೀರಿನಲ್ಲಿರುವ ಅದನ್ನು ಮುಗಿಸಲು ಬೇಕಾದುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಪ್ರತ್ಯಾಮ್ಲ ಸುಣ್ಣದ ತಿಳಿಯ ಒಂದು ಹನಿಯಲ್ಲೇ ಇರುತ್ತದೆ. ‘ನೀರೂ ಆಮ್ಲವೇ’ ಎಂದು ಕೇಳಿದ ಹುಡುಗನಿಂದಲೇ ಈ ಹನಿಗಳನ್ನು ಎಣಿಸಿಸಿ.

ಈ ವಿಧಾನದ ಇನ್ನೊಂದು ಲಾಭ ದುರ್ಬಲ ಆಮ್ಲಗಳಲ್ಲಿ ಕಾಣುತ್ತದೆ. 0.01 ಮೊಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 2; ಅಷ್ಟೇ ಸಾರತೆಯ ಅಸಿಟಿಕ್ ಆಮ್ಲದ್ದು, ಅಂದರೆ ವಿನೆಗರ್‌ನಲ್ಲಿರುವ ಆಮ್ಲದ್ದು, ಸುಮಾರು 3.4. ಮಿಥೈಲ್ ಆರೆಂಜ್‌ನಲ್ಲಿ ಮೊದಲನೆಯದು ಕೆಂಪು, ಎರಡನೆಯದು ಕಿತ್ತಳೆ. ಸುಣ್ಣದ ತಿಳಿಯ ಎದುರು ಎರಡೂ ಅಷ್ಟೇ ಹನಿಗಳನ್ನು ನುಂಗುತ್ತವೆ. ಆಮ್ಲ ಪ್ರಬಲವೋ ದುರ್ಬಲವೋ ಎಂಬುದು ಬೇರೆ, ಎಷ್ಟಿದೆ ಎಂಬುದು ಬೇರೆ. ಹತ್ತನೇ ತರಗತಿಯಲ್ಲಿ ಮಾತಿನಿಂದ ಬಿಡಿಸಿ ಹೇಳಲು ಬಹಳ ಕಷ್ಟವಾಗುವ ಈ ಸಂಗತಿ ಎರಡು ಪ್ರನಾಳಗಳಲ್ಲಿ ಕಣ್ಣಿಗೇ ಕಾಣುತ್ತದೆ.

ಇದರಲ್ಲೂ ಎಚ್ಚರ ವಹಿಸಬೇಕಾದ ಕಡೆಗಳಿವೆ. ಬೋರ್‌ವೆಲ್ ನೀರಿನಲ್ಲಿ ಮಾಡಿದ ಉಪ್ಪಿನ ನೀರಿಗೆ ಸುಣ್ಣದ ತಿಳಿ ಹಾಕಿದರೆ ಅದರ ಬೈಕಾರ್ಬನೇಟ್ ಸುಣ್ಣವನ್ನು ಸೆಳೆದುಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹನಿಗಳು ಮಾಯವಾಗುತ್ತಾ, ದ್ರಾವಣ ಮಬ್ಬಾಗುತ್ತಾ ಹೋಗುತ್ತದೆ. 7ರ ಆಚೆಗಿರುವ ನೀರೇ ಆಮ್ಲದಂತೆ ನಟಿಸಿದಂತಾಗುತ್ತದೆ. ಭಟ್ಟಿ ನೀರಿನ ನಿಯಮವನ್ನು ಇಲ್ಲಿ ಸಡಿಲಿಸಲೇಬಾರದು. ಬಂದ ಗುಲಾಬಿ ಬಣ್ಣ ತೆರೆದಿಟ್ಟಾಗ ನಿಧಾನವಾಗಿ ಮಾಸುವುದು ಸಹಜ, ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ತಿನ್ನುತ್ತದೆ. ಆದ್ದರಿಂದ ಕುಲುಕಿದ ಮೇಲೆ ಅರ್ಧ ನಿಮಿಷ ನಿಂತ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಿರಿ. ಗುಲಾಬಿ ಹೋಯಿತೆಂದರೆ ಯಾವಾಗಲೂ ಆಮ್ಲ ಸೇರಿತೆಂದೇ ಅಲ್ಲ. ಸಾರೀಕೃತ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲೂ ಫಿನಾಲ್ಫ್ಥಲೀನ್ ತುಸು ಹೊತ್ತಿಗೆ ಬಣ್ಣ ಕಳೆದುಕೊಳ್ಳುತ್ತದೆ. ಬ್ಲೀಚ್ ದ್ರಾವಣವಂತೂ ಲಿಟ್ಮಸ್‌ನ ಬಣ್ಣವನ್ನೇ ಸುಟ್ಟುಬಿಡುತ್ತದೆ.

ಅರಿಶಿನಕ್ಕೂ ಇದೇ ತಂತ್ರ ಹೊಂದುತ್ತದೆ. ಆರತಿ ತಟ್ಟೆಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುವುದು ಮಕ್ಕಳಿಗೆಲ್ಲ ಗೊತ್ತು. ಆ ಕೆಂಪು ನೀರಿನಲ್ಲಿ ಅದ್ದಿ ಒಣಗಿಸಿದ ಸೋಸುಕಾಗದವನ್ನು ಬಳಸಿದರೆ, ಆಮ್ಲದ ಹನಿ ಬಿದ್ದ ಜಾಗ ಹಳದಿಗೆ ಮರಳುತ್ತದೆ, ಭಟ್ಟಿ ನೀರಿನ ಹನಿ ಬಿದ್ದ ಜಾಗ ಕೆಂಪಾಗಿಯೇ ಉಳಿಯುತ್ತದೆ. ಹಳದಿ ಕಾಗದಕ್ಕೆ ಸಾಧ್ಯವಾಗದ ಕೆಲಸ ಕೆಂಪು ಮಾಡಿದ ಕಾಗದಕ್ಕೆ ಸಾಧ್ಯ. ಸುಣ್ಣ ಕಡಿಮೆ ಹಾಕಿ, ಕಾಗದದ ಮೇಲೆ ಪುಡಿ ಉಳಿಯದಂತೆ ನೋಡಿಕೊಳ್ಳಿ. ಇಲ್ಲವಾದರೆ ತೆಳು ಆಮ್ಲ ಆ ಸುಣ್ಣಕ್ಕೇ ಖರ್ಚಾಗಿ ಬಣ್ಣ ಕದಲುವುದಿಲ್ಲ. ಅರಿಶಿನದಲ್ಲಿ ಒಂದು ಅಪವಾದವಿದೆ: ಬೋರಿಕ್ ಆಮ್ಲ. ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ಒಣಗಿಸಿದ ಅರಿಶಿನದ ಕಾಗದ ಪ್ರತ್ಯಾಮ್ಲವಿಲ್ಲದೆಯೂ ಕೆಂಪುಗಂದಾಗುತ್ತದೆ. ಅಲ್ಲಿ ಬೋರಾನ್ ಅರಿಶಿನದ ವರ್ಣಕದೊಂದಿಗೆ ಸೇರಿ ಹೊಸ ಸಂಯುಕ್ತವನ್ನೇ ಕಟ್ಟುತ್ತದೆ.

ಇದೇ ತರ್ಕ ಪಠ್ಯದಲ್ಲಿರುವ ಆ ಪ್ರಸಿದ್ಧ ಪ್ರಶ್ನೆಗೂ ಉತ್ತರ: ಭಟ್ಟಿ ಇಳಿಸಿದ ನೀರು, ಆಮ್ಲ, ಪ್ರತ್ಯಾಮ್ಲಗಳ ಮೂರು ಪ್ರನಾಳಗಳಿವೆ, ಕೈಯಲ್ಲಿರುವುದು ಕೆಂಪು ಲಿಟ್ಮಸ್ ಮಾತ್ರ, ಗುರುತಿಸುವುದು ಹೇಗೆ? ಕೆಂಪು ಕಾಗದ ನೀಲಿಯಾದದ್ದು ಪ್ರತ್ಯಾಮ್ಲ. ಹಾಗೆ ನೀಲಿಯಾದ ಕಾಗದವನ್ನು ಉಳಿದೆರಡರಲ್ಲಿ ಪರೀಕ್ಷಿಸಿದಾಗ ಮತ್ತೆ ಕೆಂಪಾಗಿಸಿದ್ದು ಆಮ್ಲ, ಬದಲಿಸದೆ ಬಿಟ್ಟದ್ದು ನೀರು. ಬರವಣಿಗೆಯಲ್ಲಿ ಸುಲಭವಾದ ಇದು ಕೈಯಲ್ಲಿ ಕೆಡುವುದು, ನೀಲಿಯಾದ ಕಾಗದದಲ್ಲಿ ಪ್ರತ್ಯಾಮ್ಲ ತೊಟ್ಟಿಕ್ಕುತ್ತಿರುವುದರಿಂದ. ಅದನ್ನು ಭಟ್ಟಿ ನೀರಿನಲ್ಲಿ ಒಮ್ಮೆ ಜಾಲಿಸಿ, ಸೋಸುಕಾಗದದ ನಡುವೆ ಒತ್ತಿ, ಎರಡು ತುಂಡು ಮಾಡಿ, ಪ್ರತಿ ತುಂಡಿನ ಮೇಲೆ ಶುದ್ಧ ಗಾಜಿನ ಕಡ್ಡಿಯಿಂದ ಒಂದೊಂದು ಹನಿ ಇಡಬೇಕು. ಕಾಗದವನ್ನು ಪ್ರನಾಳದೊಳಗೆ ಅದ್ದುವ ಅಭ್ಯಾಸ ಬಿಡಿಸಿ. ಕಾಗದದಲ್ಲಿರುವುದು ದ್ರಾವಣಕ್ಕೆ ಇಳಿದರೆ ಮುಂದಿನ ಮಗು ಪರೀಕ್ಷಿಸುವ ದ್ರಾವಣವೇ ಬೇರೆಯಾಗಿರುತ್ತದೆ.

ಹೂಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಶಾಲೆಯಲ್ಲಿ ಸುಲಭವಾಗಿ ಸಿಗುವುದರಿಂದ ಹೇಳುತ್ತೇನೆ. ಕೆಂಪು ದಾಸವಾಳದ ಕಷಾಯ ಪ್ರಬಲ ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1664ರಲ್ಲಿ ನೇರಳೆ ಹೂವಿನ ಪಾಕವೊಂದರಲ್ಲಿ ಕಂಡ ಕೆಂಪು-ಹಸಿರುಗಳೂ ಇದೇ ಬಗೆಯ ವರ್ಣಕಗಳದ್ದು. ಇವನ್ನು ಆಂಥೋಸಯನಿನ್‌ಗಳು ಎನ್ನುತ್ತಾರೆ. ತೊಂದರೆ ಏನೆಂದರೆ 4ರಿಂದ 6ರ ನಡುವಿನ ಪಿಎಚ್‌ನಲ್ಲಿ ಈ ವರ್ಣಕ ನೀರಿನ ಅಣುವನ್ನು ಸೇರಿಸಿಕೊಂಡು ಬಣ್ಣವಿಲ್ಲದ ರೂಪಕ್ಕೆ ಹೋಗುತ್ತದೆ. ಮೊಸರಿನ ತಿಳಿಯಂಥ ದುರ್ಬಲ ಆಮ್ಲದಲ್ಲಿ ದಾಸವಾಳದ ಬಣ್ಣ ಏರುವ ಬದಲು ತಗ್ಗಿದಂತೆ ಕಾಣುವುದು ಇದರಿಂದ. ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪದ ವರ್ಣಕ ಹೆಚ್ಚು ಗಟ್ಟಿ. ಅದು ನೀರಿನಲ್ಲಿ ನೀಲಿ, ನಿಂಬೆರಸ ಬಿದ್ದಾಗ ನೇರಳೆ, ಪ್ರಬಲ ಆಮ್ಲದಲ್ಲಿ ಗುಲಾಬಿ. ಆಮ್ಲ ಮತ್ತು ತಟಸ್ಥಗಳನ್ನು ಬೇರ್ಪಡಿಸಲು ದಾಸವಾಳಕ್ಕಿಂತ ನಾನು ಇದನ್ನೇ ಮೆಚ್ಚುತ್ತೇನೆ. ಬಹಳ ದುರ್ಬಲ ಆಮ್ಲಗಳಲ್ಲಿ ಇದೂ ನೀಲಿಯಾಗಿಯೇ ಉಳಿಯುತ್ತದೆ. ಪುನರ್ಪುಳಿಯ ಕೆಂಪೂ ಇದೇ ಜಾತಿಯ ವರ್ಣಕವಾದರೂ ಅದರ ರಸ ತಾನೇ ಬಹಳ ಹುಳಿಯಾದ್ದರಿಂದ ಈ ಕೆಲಸಕ್ಕೆ ಒದಗುವುದಿಲ್ಲ. ಹೂವಿನ ಕಷಾಯ ಒಂದೆರಡು ದಿನದಲ್ಲೇ ಹುಳಿ ಬರುತ್ತದೆ. ಆ ದಿನದ್ದನ್ನು ಆ ದಿನವೇ ಬಳಸಿ.

‘ತಟಸ್ಥ’ದ ಉದಾಹರಣೆಗೆ ಅಡುಗೆ ಉಪ್ಪು ಅಥವಾ ಸಕ್ಕರೆಯನ್ನೇ ಆರಿಸಿಕೊಳ್ಳಿ. ಲವಣಗಳೆಲ್ಲ ತಟಸ್ಥವಲ್ಲ: ಪಟಿಕ, ಮೈಲುತುತ್ತ, ಅಮೋನಿಯಂ ಕ್ಲೋರೈಡ್‌ಗಳ ದ್ರಾವಣಗಳು ಆಮ್ಲೀಯ, ಅಡುಗೆ ಸೋಡಾ ಮತ್ತು ವಾಷಿಂಗ್ ಸೋಡಾ ಪ್ರತ್ಯಾಮ್ಲೀಯ.

ಸುರಕ್ಷತೆಯ ವಿಷಯದಲ್ಲಿ ನೀವು ಆಮ್ಲ ತೆಳುಮಾಡಿ ಕೊಡಲು ಯೋಚಿಸಿದ್ದು ಸರಿಯೇ; ಮಾಡುವಾಗ ನೀರಿಗೆ ಆಮ್ಲ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಮಕ್ಕಳ ಕೈಗೆ 0.01 ಮೊಲಾರ್ ಸಾಕು: 2 ಮೊಲಾರ್ ಆಮ್ಲದ 1 ಮಿಲಿಲೀಟರನ್ನು ಭಟ್ಟಿ ನೀರಿನಲ್ಲಿ 200 ಮಿಲಿಲೀಟರ್‌ಗೆ ತಂದರೆ ಅಷ್ಟಾಗುತ್ತದೆ. ಬ್ಯಾಟರಿ ಅಂಗಡಿಯಲ್ಲಿ ನೀರನ್ನೂ ಬ್ಯಾಟರಿ ಆಸಿಡನ್ನೂ ಒಂದೇ ತರಹದ ಕ್ಯಾನ್‌ಗಳಲ್ಲಿ ಇಟ್ಟಿರುತ್ತಾರೆ. ಆಸಿಡ್ ಎಂದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಗಂಧಕಾಮ್ಲ. ಮುಚ್ಚಳದ ಮೊಹರು ಒಡೆಯದ, ಚೀಟಿ ಅಂಟಿಸಿದ ಬಾಟಲಿಯನ್ನೇ ಕೊಳ್ಳಿ, ಬಿಡಿಯಾಗಿ ತುಂಬಿಸಿಕೊಂಡು ಬರಬೇಡಿ. ಸುಣ್ಣದ ತಿಳಿ ನೋಡಲು ನೀರಿನಂತಿದ್ದರೂ ಅದರ ಪಿಎಚ್ 12ಕ್ಕಿಂತ ಹೆಚ್ಚು. ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು. ಶೌಚಾಲಯ ತೊಳೆಯುವ ಆಸಿಡನ್ನು ಪರೀಕ್ಷೆಗೆ ತರಬೇಡಿ, ಅದನ್ನು ಬ್ಲೀಚ್ ಇರುವ ಕಡೆಯಂತೂ ಇಡಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಫಿನಾಲ್ಫ್ಥಲೀನ್ ದ್ರಾವಣದಲ್ಲಿ ಆಲ್ಕೋಹಾಲ್ ಇರುವುದರಿಂದ ಅದನ್ನು ಸ್ಪಿರಿಟ್ ದೀಪದ ಹತ್ತಿರ ಇಡಬಾರದು.

ಕೊನೆಯದಾಗಿ, ಸೂಚಕಗಳು ಕೆಟ್ಟಿವೆಯೇ ಎಂಬ ಅನುಮಾನ ಉಳಿದಿದ್ದರೆ ಪ್ರತಿ ಪ್ರಯೋಗದ ಮೊದಲು ಎರಡು ನಿಮಿಷದ ಪರೀಕ್ಷೆ ಮಾಡಿಬಿಡಿ. ಫಿನಾಲ್ಫ್ಥಲೀನ್‌ನ ಒಂದು ಹನಿ ಸುಣ್ಣದ ತಿಳಿಯಲ್ಲಿ ತಕ್ಷಣ ಗುಲಾಬಿಯಾದರೆ ಅದು ಚೆನ್ನಾಗಿದೆ. ನೀಲಿ ಲಿಟ್ಮಸ್ ನಿಂಬೆರಸದಲ್ಲಿ ಕೆಂಪಾಗಿ, ಕೆಂಪು ಲಿಟ್ಮಸ್ ಸುಣ್ಣದ ತಿಳಿಯಲ್ಲಿ ನೀಲಿಯಾದರೆ ಅವೂ ಚೆನ್ನಾಗಿವೆ. ಕಾಗದಗಳು ಕೆಡುವುದು ಹೆಚ್ಚಾಗಿ ಕಪಾಟಿನಲ್ಲಿ. ಆಮ್ಲದ ಬಾಟಲಿಯ ಹಬೆ ನೀಲಿಯನ್ನೂ ಅಮೋನಿಯದ ಹಬೆ ಕೆಂಪನ್ನೂ ಹಾಳುಮಾಡುತ್ತದೆ. ಅವನ್ನು ಆ ಕಪಾಟಿನಿಂದ ತೆಗೆದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆ ಕಡೆ ಇಡಿ, ಒಣ ಕೈಯಿಂದ ಅಥವಾ ಚಿಮಟದಿಂದ ತೆಗೆಯಿರಿ.